ಹವಳಕ್ಕೆ ವಾರಸುದಾರರು ಯಾರು?
ದೇಶದ ಜೀವವೈವಿಧ್ಯ ಯೋಜನೆಯಲ್ಲಿ ಕಡಲಿನ ಪಾಲು: ಒಂದು ಸಮೀಕ್ಷೆ

ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಕಡಲಿಲ್ಲ. ಆದರೆ ಭಾರತದ ಜೀವವೈವಿಧ್ಯ ಯೋಜನೆಯ ಚರಿತ್ರೆಯಲ್ಲಿ ಅದಕ್ಕೊಂದು ಮೊದಲ ಸ್ಥಾನವಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾಯಿತು. ಸುಮಾರು 54 ಎಕರೆಯ ಈ ತೋಪಿಗೆ ರಕ್ಷಣೆ ಕೊಟ್ಟ ಕಾನೂನು 2002ರ ಜೈವಿಕ ವೈವಿಧ್ಯ ಅಧಿನಿಯಮ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೋಬಳಿಯ ಪಂಚಾಯ್ತಿಗಳಿಗೆ ಅನ್ವಯವಾಗುವುದೂ ಇದೇ ಕಾನೂನು, ಭಟ್ಕಳದ ಕಡಲಲ್ಲಿರುವ ನೇತ್ರಾಣಿ ದ್ವೀಪದ ಹವಳಕ್ಕೆ ಅನ್ವಯವಾಗುವುದೂ ಇದೇ ಕಾನೂನು. ಹುಣಸೆ ಮರಕ್ಕೆ ದಕ್ಕಿದ ಆಸರೆ ಹವಳಕ್ಕೆ ಏಕೆ ಅಷ್ಟು ಸುಲಭವಾಗಿ ದಕ್ಕಲಿಲ್ಲ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಈ ಕ್ಷೇತ್ರ ಬೆಳೆದುಬಂದ ದಾರಿಯನ್ನು ನೋಡೋಣ.

ವಿಜ್ಞಾನ ಮೊದಲು ಬಂತು

ಹವಳದ ದಿಬ್ಬವನ್ನು ಕಟ್ಟುವುದು ಪಾಲಿಪ್ ಎಂಬ ಪುಟ್ಟ ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ನೆಲೆಸಿ, ಬಿಸಿಲಿನಿಂದ ಆಹಾರ ತಯಾರಿಸಿ ಅದಕ್ಕೂ ಉಣಿಸುತ್ತವೆ. ಪಾಲಿಪ್‌ಗಳು ನೀರಿನಲ್ಲಿನ ಸುಣ್ಣದಂಶದಿಂದ ಗೂಡು ಕಟ್ಟುತ್ತ ಹೋಗುತ್ತವೆ. ಸಾವಿರಾರು ವರ್ಷ ಹೀಗೆ ಕಟ್ಟಿದ್ದು ದಿಬ್ಬವಾಗುತ್ತದೆ, ಕೆಲವೆಡೆ ಇಡೀ ದ್ವೀಪಕ್ಕೇ ತಳಹದಿಯಾಗುತ್ತದೆ. ಸಾಗರತಳದ ಶೇ 1ಕ್ಕಿಂತ ಕಡಿಮೆ ಜಾಗದಲ್ಲಿರುವ ಈ ದಿಬ್ಬಗಳು ಕಡಲಜೀವಿ ಪ್ರಭೇದಗಳ ಸುಮಾರು ಕಾಲುಭಾಗಕ್ಕೆ ಆಶ್ರಯ ಕೊಡುತ್ತವೆ. ಅಲೆಗಳ ರಭಸವನ್ನು ಮೊದಲು ತಡೆದುಕೊಳ್ಳುವುದೂ ಇವೇ.

ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ಹವಳಗಳನ್ನು ಸ್ಟ್ಯಾನ್ಲಿ ಗಾರ್ಡಿನರ್ 1899–1900ರಲ್ಲೇ ವ್ಯವಸ್ಥಿತವಾಗಿ ಅಧ್ಯಯನ ಮಾಡಿದ್ದರು. ಸ್ವಾತಂತ್ರ್ಯಾನಂತರ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿ.ಎಸ್. ಗೋಪಿನಾಥ ಪಿಳ್ಳೈ ಭಾರತದ ಹವಳಗಳ ವರ್ಗೀಕರಣಕ್ಕೆ ಬುನಾದಿ ಹಾಕಿದರು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಹವಳ ವಿಚಾರಸಂಕಿರಣ ನಡೆದದ್ದು 1969ರಲ್ಲಿ, ರಾಮೇಶ್ವರಕ್ಕೆ ಹತ್ತಿರದ ಮಂಡಪಂ ಎಂಬ ಪುಟ್ಟ ಊರಿನಲ್ಲಿ. ಹವಳದ ಬಗ್ಗೆ ಕಾನೂನು ಏನನ್ನೂ ಹೇಳದಿದ್ದ ಕಾಲದಲ್ಲಿ ವಿಜ್ಞಾನ ಇಷ್ಟು ದೂರ ಬಂದಿತ್ತು.

ಉದ್ಯಾನ, ವಲಯ, ಅನುಸೂಚಿ

ಆಗ ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ಅಗೆದು ಸುಣ್ಣ ಸುಡುವುದಕ್ಕೂ ಸಿಮೆಂಟಿಗೂ ಬಳಸುತ್ತಿದ್ದರು. ಅಲ್ಲಿನ 21 ದ್ವೀಪಗಳಲ್ಲಿ ಎರಡು ನೀರಿನಡಿ ಸೇರಿದ್ದಕ್ಕೆ ಈ ಅಗೆತವೂ ಒಂದು ಮುಖ್ಯ ಕಾರಣ ಎನ್ನುತ್ತಾರೆ ತಜ್ಞರು. ಸರ್ಕಾರದ ಮೊದಲ ಉತ್ತರ ಕಡಲ ಉದ್ಯಾನಗಳು. ಕಚ್ ಕೊಲ್ಲಿಯದು 1982ರಲ್ಲಿ, ಅಂಡಮಾನಿನ ವಂಡೂರಿನದು 1983ರಲ್ಲಿ, ಮನ್ನಾರ್ ಕೊಲ್ಲಿಯದು 1986ರಲ್ಲಿ ಬಂದವು. ಅದೇ 1986ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಾಂಡ್ಲಾ ಕಾಡು ಮತ್ತು ಹವಳಗಳಿಗೆ ಪ್ರತ್ಯೇಕ ಕಾರ್ಯಕ್ರಮ ಆರಂಭಿಸಿತು. ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್-ನಿಕೋಬಾರ್ ಎಂಬ ನಾಲ್ಕು ನೆಲೆಗಳು ಅದರ ಪಟ್ಟಿಯಲ್ಲಿದ್ದವು. ಪಶ್ಚಿಮ ಕರಾವಳಿಯಲ್ಲಿ ಚದುರಿದ ಸಣ್ಣ ಹವಳದ ತುಂಡುಗಳು, ಅಂದರೆ ನಮ್ಮ ನೇತ್ರಾಣಿಯಂಥವು, ಆ ಪಟ್ಟಿಯ ಹೊರಗುಳಿದವು.

1991ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಹವಳದ ದಿಬ್ಬಗಳನ್ನು ಅತ್ಯಂತ ಸೂಕ್ಷ್ಮವಾದ ಮೊದಲ ವಲಯಕ್ಕೆ ಸೇರಿಸಿತು. ನಿಜವಾದ ಬಿಗಿ ಬಂದದ್ದು 2001ರಲ್ಲಿ. ಆ ವರ್ಷ ದಿಬ್ಬ ಕಟ್ಟುವ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿದವು. ಕಾನೂನಿನ ಕಣ್ಣಿನಲ್ಲಿ ಹವಳ ಹುಲಿಯ ಸಾಲಿಗೆ ಬಂತು. ಅಗೆಯುವುದು, ಮಾರುವುದು ಅಪರಾಧವಾಯಿತು.

ರಿಯೊದಿಂದ ಕ್ಯಾಲಿವರೆಗೆ

ಒಂದೊಂದು ಜೀವಿಯನ್ನು ಬೇರೆಬೇರೆಯಾಗಿ ಕಾಯುವ ಈ ಪದ್ಧತಿಯನ್ನು ಇಡೀ ದೇಶದ ಯೋಜನೆಯಾಗಿ ವಿಸ್ತರಿಸಿದ್ದು 1992ರ ರಿಯೊ ಶೃಂಗಸಭೆಯಲ್ಲಿ ದೇಶಗಳು ಸಹಿ ಹಾಕಿದ ಜೈವಿಕ ವೈವಿಧ್ಯ ಒಪ್ಪಂದ. ಪ್ರತಿ ದೇಶವೂ ರಾಷ್ಟ್ರೀಯ ಕಾರ್ಯತಂತ್ರ ರೂಪಿಸಬೇಕು ಎಂಬುದು ಅದರ 6ನೇ ವಿಧಿ. ಭಾರತ 1994ರಲ್ಲಿ ಒಪ್ಪಂದವನ್ನು ಅನುಮೋದಿಸಿತು. 2002ರಲ್ಲಿ ಅಧಿನಿಯಮ ಬಂತು, 2003ರಲ್ಲಿ ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರವೂ ಬೆಂಗಳೂರಿನಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿಯೂ ಹುಟ್ಟಿಕೊಂಡವು, 2008ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಕ್ರಿಯಾಯೋಜನೆ ಸಿದ್ಧವಾಯಿತು.

ಜಾಗತಿಕ ಮಟ್ಟದಲ್ಲಿ ಹವಳದ ಹೆಸರನ್ನೇ ಹೇಳಿ ಗುರಿಯಿಟ್ಟದ್ದು 2010ರ ನಗೊಯಾ ಸಭೆ. ಅಲ್ಲಿನ 20 ಐಚಿ ಗುರಿಗಳಲ್ಲಿ ಹತ್ತನೆಯದು, ಹವಳದ ಮೇಲೆ ಮನುಷ್ಯನಿಂದ ಬೀಳುವ ಒತ್ತಡಗಳನ್ನು 2015ರೊಳಗೆ ತಗ್ಗಿಸಬೇಕೆಂದಿತ್ತು. ಗಡುವು ಕಳೆಯಿತು, ಗುರಿ ಮುಟ್ಟಲಿಲ್ಲ. ಇತ್ತ ಭಾರತ 2014ರಲ್ಲಿ ಅಳವಡಿಸಿಕೊಂಡ 12 ರಾಷ್ಟ್ರೀಯ ಗುರಿಗಳಲ್ಲಿ ಹವಳಕ್ಕೇ ಮೀಸಲಾದದ್ದು ಒಂದೂ ಇರಲಿಲ್ಲ. ಸಂರಕ್ಷಿತ ಪ್ರದೇಶಗಳ ಕುರಿತ ಆರನೇ ಗುರಿಯಲ್ಲಿ ಕರಾವಳಿ ಮತ್ತು ಕಡಲು ಎಂಬ ಮಾತು ಬಂತು, ಅಷ್ಟೆ.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ಒಪ್ಪಿತವಾದ ಹೊಸ ಚೌಕಟ್ಟು 23 ಗುರಿಗಳನ್ನು ಇಟ್ಟಿತು. 2030ರ ಹೊತ್ತಿಗೆ ನೆಲ ಮತ್ತು ಕಡಲಿನ ಶೇ 30 ಭಾಗವನ್ನು ರಕ್ಷಿಸಬೇಕೆಂಬುದು ಅವುಗಳಲ್ಲಿ ಹೆಚ್ಚು ಸುದ್ದಿಯಾದದ್ದು. ಈ ಬಾರಿ ಹವಳಕ್ಕೆ ಪ್ರತ್ಯೇಕ ಗುರಿ ಉಳಿಯಲಿಲ್ಲ. ಅದು ಅಳತೆಯ ಸೂಚಕಗಳ ಪಟ್ಟಿಗೆ ಸರಿಯಿತು. ಹಾಗಾಗಿ ಆಯಾ ದೇಶದ ಯೋಜನೆ ತಾನಾಗಿ ಹೆಸರಿಸಿದರೆ ಮಾತ್ರ ಹವಳಕ್ಕೆ ಜಾಗ. 2024ರ ಅಕ್ಟೋಬರಿನಲ್ಲಿ ಕೊಲಂಬಿಯಾದ ಕ್ಯಾಲಿ ಸಭೆಯಲ್ಲಿ ಭಾರತ ಬಿಡುಗಡೆ ಮಾಡಿದ ಪರಿಷ್ಕೃತ ಯೋಜನೆಯಲ್ಲೂ 23 ಗುರಿಗಳಿವೆ. ಹವಳದ ಮಟ್ಟಿಗೆ ಅದರ ಪರೀಕ್ಷೆ ನಡೆಯುವುದು ದೆಹಲಿಯಲ್ಲಲ್ಲ, ರಾಜ್ಯಗಳಲ್ಲಿ.

ಬೇಲಿ ತಡೆಯದ ಬಿಸಿ

ಯೋಜನೆಗಳು ಅಗೆತ, ಮಾರಾಟ, ಬಲೆ ಇವುಗಳನ್ನು ಲೆಕ್ಕ ಹಾಕುತ್ತಿದ್ದಾಗ ಕಡಲೇ ಕಾಯತೊಡಗಿತ್ತು. ನೀರಿನ ಉಷ್ಣತೆ ಬೇಸಿಗೆಯ ವಾಡಿಕೆಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ನಿಂತರೆ ಪಾಲಿಪ್ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ಇಳಿಯದಿದ್ದರೆ ಸಾಯುತ್ತದೆ. 1998, 2010, 2016ರಲ್ಲಿ ಭಾರತದ ಹವಳಗಳು ಹೀಗೆ ಬೆಂದವು. ಜಗತ್ತಿನಾದ್ಯಂತ ನಾಲ್ಕನೇ ಬಾರಿ ಹವಳಗಳು ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಪ್ರಕಟಿಸಿದರು. ಆ ವರ್ಷ ಲಕ್ಷದ್ವೀಪವೂ ತಪ್ಪಿಸಿಕೊಳ್ಳಲಿಲ್ಲ.

ಲಕ್ಷದ್ವೀಪ ಕನ್ನಡಿಗರಿಗೆ ಪರದೇಶವೇನಲ್ಲ. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು 1799ರಲ್ಲಿ ಟಿಪ್ಪುವಿನ ಪತನದ ನಂತರ ಕಂಪನಿಯ ಕೈಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮಂಗಳೂರಿನ ಆಡಳಿತಕ್ಕೆ ಒಳಪಟ್ಟಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. ಇಂದು ಆ ಹವಳಗಳ ಮೇಲೆ ದೀರ್ಘಕಾಲ ಕಣ್ಣಿಟ್ಟಿರುವ ಸಂಸ್ಥೆಯೂ ಕರ್ನಾಟಕದ್ದೇ, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್. ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಅದರ ವಿಜ್ಞಾನಿಗಳು ನಡೆಸಿದ ಅಧ್ಯಯನದ ಪ್ರಕಾರ, ಜೀವಂತ ಹವಳದ ಹೊದಿಕೆ 1998ರಲ್ಲಿ ಸುಮಾರು ಶೇ 37 ಇದ್ದದ್ದು 2022ರ ಹೊತ್ತಿಗೆ ಸುಮಾರು ಶೇ 19ಕ್ಕೆ ಇಳಿದಿದೆ. ಎರಡು ಬಿಸಿಯ ಹೊಡೆತಗಳ ನಡುವೆ ಸಾಕಷ್ಟು ವರ್ಷ ಬಿಡುವು ಸಿಕ್ಕರೆ ಹವಳ ಚೇತರಿಸಿಕೊಳ್ಳಬಲ್ಲದು. ಆ ಬಿಡುವೇ ಈಗ ಕಿರಿದಾಗುತ್ತಿದೆ.

ಇಲ್ಲಿ ಕಡಲಿಲ್ಲದ ಊರುಗಳೂ ಲೆಕ್ಕಕ್ಕೆ ಬರುತ್ತವೆ. ಭೂಮಿಯ ಉಷ್ಣತೆ 1.5 ಡಿಗ್ರಿ ಏರಿದರೆ ಶೇ 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ 99ಕ್ಕೂ ಹೆಚ್ಚು ಹವಳ ನಾಶವಾಗುತ್ತದೆ ಎಂದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ ಅಂದಾಜಿಸಿದೆ. ಆ ಬಿಸಿಗೆ ದಾಬಸ್‌ಪೇಟೆಯ ಕಾರ್ಖಾನೆ, ಬೆಂಗಳೂರಿನ ವಾಹನ, ನಮ್ಮೆಲ್ಲರ ವಿದ್ಯುತ್ತು ಸೇರಿಯೇ ಕಾರಣ. ಯಾವ ಕಡಲ ಉದ್ಯಾನದ ಎಲ್ಲೆಯೂ ಇದನ್ನು ತಡೆಯಲಾರದು. ಹವಳ ರಕ್ಷಣೆಯನ್ನು ಅರಣ್ಯ ಇಲಾಖೆಯ ಕಡತಕ್ಕೆ ಮಾತ್ರ ಬಿಟ್ಟರೆ ಸಾಲದು ಎನ್ನುವುದು ಇದಕ್ಕೇ.

ನೇತ್ರಾಣಿಯ ಕಥೆ

ಮುರುಡೇಶ್ವರದ ದಡದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಜನವಸತಿಯಿಲ್ಲದ ನೇತ್ರಾಣಿ ಇದೆ. ಪಾರಿವಾಳ ದ್ವೀಪ ಎಂದೂ ಕರೆಯುವ ಇದರ ಸುತ್ತಲಿನ ಹವಳ ಮತ್ತು ಹವಳದ ಮೀನುಗಳ ಬಗ್ಗೆ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ವಿವರವಾದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಈ ದ್ವೀಪವನ್ನೇ ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿಸಿಕೊಂಡಿತ್ತು. ಪರಿಸರಾಸಕ್ತರು ವಿರೋಧಿಸಿದರು, ವಿಷಯ ಹೈಕೋರ್ಟಿಗೂ ಹೋಯಿತು. ಇನ್ನೊಂದೆಡೆ ಸ್ಕೂಬಾ ಡೈವಿಂಗ್‌ನಿಂದಾಗಿ ಇದು ಪ್ರವಾಸಿಗರ ನೆಚ್ಚಿನ ಜಾಗವಾಗಿದೆ.

ಒಂದೇ ದ್ವೀಪದ ಮೇಲೆ ಹಲವು ಇಲಾಖೆಗಳ ಕೈ ಇದೆ. ಮೀನುಗಾರಿಕೆಗೆ ಒಂದು, ಹವಳ ಅನುಸೂಚಿಯಲ್ಲಿರುವುದರಿಂದ ಅರಣ್ಯಕ್ಕೆ ಒಂದು, ಡೈವಿಂಗ್‌ಗೆ ಪ್ರವಾಸೋದ್ಯಮ, ಭದ್ರತೆಗೆ ನೌಕಾಪಡೆ. ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡ–ಮುಗಳಿಯನ್ನು ಇತ್ತೀಚೆಗೆ ರಾಜ್ಯದ ಮೊದಲ ಕಡಲ ವನ್ಯಜೀವಿಧಾಮವೆಂದು ಘೋಷಿಸಿದ್ದು ಒಳ್ಳೆಯ ಹೆಜ್ಜೆ. ಆದರೆ ನೇತ್ರಾಣಿ ಅದರೊಳಗಿಲ್ಲ.

ಯೋಜನೆಗೆ ಊರಿನ ಕೈ ಬೇಕು

2002ರ ಅಧಿನಿಯಮದ ವಿಶೇಷವೇ ಅದರ ತಳಪಾಯ. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆದಿಡಬೇಕು. ಈ ದಾಖಲಾತಿಯ ಕಲ್ಪನೆ ಬೆಳೆದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ. ಆದರೆ ಹಲವು ರಾಜ್ಯಗಳು ಇದನ್ನು ವರ್ಷಗಟ್ಟಲೆ ಮುಂದೂಡಿದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದ ರಾಜ್ಯಕ್ಕೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡದ ಎಚ್ಚರಿಕೆ ನೀಡಿದ ಮೇಲೆ ಅವಸರದಲ್ಲಿ ದಾಖಲಾತಿಗಳು ತಯಾರಾದವು.

ಪಾರಂಪರಿಕ ತಾಣ ಘೋಷಿಸುವಾಗ ಸರ್ಕಾರ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಬೇಕು ಎನ್ನುತ್ತದೆ ಕಾನೂನು. ನಲ್ಲೂರಿನ ತೋಪಿಗೆ ಹೊಂದಿಕೊಂಡೇ ಊರಿದೆ, ಪಂಚಾಯ್ತಿ ಇದೆ. ನೇತ್ರಾಣಿಯಲ್ಲಿ ಜನರಿಲ್ಲ, ಪಂಚಾಯ್ತಿಯ ದೈನಂದಿನ ಕೆಲಸವೋ ದಡದಲ್ಲೇ ನಿಲ್ಲುತ್ತದೆ. ಇಡೀ ವ್ಯವಸ್ಥೆಯನ್ನು ನೆಲದ ಮೇಲಿನ ಊರನ್ನು ಕಣ್ಣಮುಂದಿಟ್ಟುಕೊಂಡು ಕಟ್ಟಿದ್ದರಿಂದ ಹವಳಕ್ಕೆ ವಾರಸುದಾರರಿಲ್ಲದಂತಾಯಿತು. ದಾರಿ ಇಲ್ಲದಿಲ್ಲ. ಭಟ್ಕಳ, ಹೊನ್ನಾವರದ ಕರಾವಳಿ ಪಂಚಾಯ್ತಿಗಳ ಸಮಿತಿಗಳಲ್ಲಿ ಮೀನುಗಾರರಿಗೆ ಮುಖ್ಯ ಸ್ಥಾನ ಕೊಟ್ಟು, ಅವರು ಕಂಡ ಕಡಲನ್ನೂ ದಾಖಲಾತಿಗೆ ಸೇರಿಸಬಹುದು. ದಿನವೂ ನೀರಿಗಿಳಿಯುವ ಡೈವಿಂಗ್ ತರಬೇತುದಾರರಿಂದ ಪ್ರತಿ ಬೇಸಿಗೆ ಹವಳದ ಸ್ಥಿತಿಯ ವರದಿ ಪಡೆಯಬಹುದು. ರಾಜ್ಯ ತನ್ನ ಜೀವವೈವಿಧ್ಯ ಯೋಜನೆಯಲ್ಲಿ ನೇತ್ರಾಣಿಯನ್ನು ಹೆಸರಿಟ್ಟು ಬರೆದು, ಹೊಣೆ ಯಾರದು, ಅಳತೆ ಏನು, ಹಣ ಎಷ್ಟು ಎಂಬುದನ್ನು ಜೊತೆಗೇ ನಮೂದಿಸಬೇಕು. ಈ ಮೂರೂ ಇಲ್ಲದ ಗುರಿ ಏನಾಗುತ್ತದೆ ಎಂಬುದಕ್ಕೆ 2015ರ ಐಚಿ ಗಡುವೇ ಸಾಕ್ಷಿ.

ತ್ಯಾಮಗೊಂಡ್ಲಿನ ಓದುಗರಿಗೂ ಇದರಲ್ಲಿ ಕೆಲಸವಿದೆ. ಮುಂದಿನ ಗ್ರಾಮಸಭೆಯಲ್ಲಿ ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿಯನ್ನು ತೋರಿಸಲು ಕೇಳಿ. ನಿಮ್ಮ ಕೆರೆ, ಗುಂಡುತೋಪುಗಳು ಅದರಲ್ಲಿವೆಯೇ, ಕೊನೆಯ ಬಾರಿ ತಿದ್ದಿದ್ದು ಯಾವಾಗ ಎಂದು ನೋಡಿ. ಒಳನಾಡಿನ ಪಂಚಾಯ್ತಿಯಲ್ಲೇ ಈ ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದರೆ, ಕಡಲಿನ ಹವಳವನ್ನು ಅದು ಕಾಪಾಡೀತೆಂದು ನಂಬುವುದು ಕಷ್ಟ.