ಮುಂಬೈಯಲ್ಲಿ ಗೆದ್ದ ಬೆಂಗಳೂರಿನ ಕ್ಲಬ್

ನಮ್ಮ ಶಾಲೆಯ ಮೈದಾನದಲ್ಲಿ ನಾವು ಬರಿಗಾಲಲ್ಲೇ ಫುಟ್‌ಬಾಲ್ ಆಡುತ್ತಿದ್ದೆವು. ಬೂಟಿಲ್ಲವೆಂಬ ನಾಚಿಕೆ ಇತ್ತು. ಬಿ.ಇ. ಮುಗಿಸಿ ಬೆಂಗಳೂರಿಗೆ ನೌಕರಿಗೆ ಹೋದ ಮೇಲೆ ಅಲ್ಲಿನ ಫುಟ್‌ಬಾಲ್ ಚರಿತ್ರೆ ತಿಳಿದು ಆ ನಾಚಿಕೆ ಹೋಯಿತು.

ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನು ಬ್ರಿಟಿಷ್ ಸೇನಾ ತಂಡಗಳೇ ಗೆದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ ಅದನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. 1938ರಲ್ಲಿ ಮತ್ತೆ ಗೆದ್ದಿತು, 1948ರಲ್ಲಿ ಮೂರನೇ ಸಲ. ಆಗ ನಮ್ಮ ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅದೇ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು.

ಮುಂದೆ ಎಚ್‌ಎಎಲ್, ಐಟಿಐನಂಥ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟವು. ಮನೆ ನಡೆಯಬೇಕಲ್ಲ! ಆಟಗಾರರು ಅತ್ತ ಹೊರಟರು, ಹವ್ಯಾಸಿ ಕ್ಲಬ್ಬುಗಳು ಸೊರಗಿದವು. 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ರಾಜ್ಯಕ್ಕೆ ಮರಳಿದ್ದು 2023ರಲ್ಲಿ.

ನಮ್ಮ ತಂಡದ ಕಥೆಯೂ ಅಷ್ಟೇ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಒಬ್ಬೊಬ್ಬರದು ಒಂದೊಂದು ದಿಕ್ಕು. ನಾನೂ ಹೊಟ್ಟೆಪಾಡಿಗೆಂದು ಊರು ಬಿಟ್ಟವನೇ. ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರ ಹಿರಿಯರಲ್ಲಿ ಒಂದೇ ವಿನಂತಿ: ಹೊಸ ಕೊಠಡಿಗಳು ಬರಲಿ, ಆದರೆ ಮೈದಾನ ಉಳಿಯಲಿ. ಸಂಜೆ ಅಲ್ಲಿ ಚೆಂಡು ಉರುಳುತ್ತಿರಲಿ.