ದುಂಡು ಭವನ ಮತ್ತು ದುರ್ಗದ ಗಡಿ
ದೆಹಲಿಯ ಹಳೆಯ ಸಂಸತ್ ಭವನವನ್ನು ನೋಡಲು ಹೋದ ಪ್ರವಾಸಿಗೆ ಮೊದಲು ಕಾಣುವುದು ಕಂಬಗಳ ಸಾಲು. 144 ಎಂದು ಎಣಿಸಿ ಹೇಳುವವರೂ ಉಂಟು. ಲುಟ್ಯೆನ್ಸ್ ಮತ್ತು ಬೇಕರ್ ರೂಪಿಸಿದ, 1927ರಲ್ಲಿ ಉದ್ಘಾಟನೆಗೊಂಡ ಆ ವೃತ್ತಾಕಾರದ ಕಟ್ಟಡದೆದುರು ನಿಂತಾಗ ಚಿತ್ರದುರ್ಗದವನಾದ ನನಗೆ ನೆನಪಾದುದು ಮೊಳಕಾಲ್ಮೂರಿನಾಚೆಯ ರಾಯದುರ್ಗ.

ಆಂಧ್ರ ರಾಜ್ಯ ರಚನೆಯ ಶಾಸನ 1953ರಲ್ಲಿ ಅಂಗೀಕೃತವಾದುದು ಅಲ್ಲಿಯೇ. ಅದರನ್ವಯ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಭಾಗ ಮೈಸೂರಿಗೆ ಬಂದಿತು. ಆಗ ಲೋಕಸಭೆಯಲ್ಲಿ ಚಿತ್ರದುರ್ಗವನ್ನು ಪ್ರತಿನಿಧಿಸುತ್ತಿದ್ದವರು ಎಸ್. ನಿಜಲಿಂಗಪ್ಪನವರು. ಸಂವಿಧಾನ ರಚನಾ ಸಭೆಯಲ್ಲಿಯೂ ಇದ್ದವರು, ಏಕೀಕರಣದ ಮುಂಚೂಣಿಯ ನಾಯಕರು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯೂ ಅದೇ ಸದನಗಳ ನಿರ್ಣಯ. ಆ ವರ್ಷದ ನವೆಂಬರ್ 1ರಂದು ಅವರು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾದರು. ರಾಯದುರ್ಗ ಮಾತ್ರ ಮರಳಲಿಲ್ಲ.

ನಮ್ಮ ಏಕೀಕರಣ ಚರಿತ್ರೆಗಳು ಕೂಡಿದುದನ್ನು ವಿಸ್ತಾರವಾಗಿ ವರ್ಣಿಸಿ, ಕಳೆದುದನ್ನು ಅಡಿಟಿಪ್ಪಣಿಗೆ ಇಳಿಸುತ್ತವೆ ಎಂಬುದು ನನ್ನ ಹಳೆಯ ತಕರಾರು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳು ಮೊದಲಿನಿಂದಲೂ ಮೈಸೂರು ಸಂಸ್ಥಾನದಲ್ಲಿದ್ದವು. ಅಲ್ಲಿಂದ ಬರುವ ನನ್ನ ವಿದ್ಯಾರ್ಥಿಗಳಿಗೆ ರಾಯದುರ್ಗವೆಂದರೆ ಬಸ್ಸಿನ ಫಲಕದಲ್ಲಿನ ಪರರಾಜ್ಯದ ಒಂದು ಊರು.