ಮಂಡ್ಯದ ಸೀಮೆಯಲ್ಲಿ ಮರ ಬೆಳೆಸಿದ ಬಗೆ



ಬೆಂಗಳೂರಿನಿಂದ ಮೈಸೂರಿಗೆ ಹಳೆಯ ದಾರಿಯಲ್ಲಿ ಪ್ರಯಾಣಮಾಡಿದವರಿಗೆ ಮದ್ದೂರು ಮಂಡ್ಯಗಳ ನಡುವಣ ಸಾಲುಮರಗಳ ನೆರಳು ನೆನಪಿರಬಹುದು. ದಾರಿಯನ್ನು ಅಗಲಗೊಳಿಸುವ ಕೆಲಸ ಹಂತಹಂತವಾಗಿ ನಡೆದಂತೆಲ್ಲ ಆ ಮರಗಳು ಉರುಳುತ್ತ ಬಂದವು. 2023ನೆಯ ಮಾರ್ಚಿ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು. ಕಡಿದ ಒಂದು ಮರಕ್ಕೆ ಪ್ರತಿಯಾಗಿ ಹತ್ತು ಸಸಿಗಳನ್ನು ನೆಡುತ್ತೇವೆಂಬ ಮಾತು ಇಂಥ ಸಂದರ್ಭಗಳಲ್ಲೆಲ್ಲ ಕೇಳಿಬರುವುದು ವಾಡಿಕೆ. ಲೆಕ್ಕವೇನೋ ಕಿವಿಗೆ ಇಂಪಾಗಿಯೇ ಇದೆ. ಆದರೆ ನೆಟ್ಟ ಸಸಿ ಮರವಾಗುವುದು ಯಾವಾಗ, ಯಾರ ಕೈಯಿಂದ? ಈ ಪ್ರಶ್ನೆಗೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಇತಿಹಾಸವು ಏನು ಹೇಳುತ್ತದೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಚರಿತ್ರೆಯ ಪುಸ್ತಕಗಳಲ್ಲಿ ಮಳವಳ್ಳಿಯ ಹೆಸರು ಬರುವುದು 1799ನೆಯ ಮಾರ್ಚಿ 27ರಂದು ಟಿಪ್ಪುವಿಗೂ ಇಂಗ್ಲಿಷರಿಗೂ ಅಲ್ಲಿ ನಡೆದ ಕಾಳಗದ ಪ್ರಸಂಗದಲ್ಲಿ. ಆದರೆ ಹೈದರಾಲಿಯು ಆ ಊರನ್ನು ಮಗನಿಗೆ ಜಹಗೀರಾಗಿ ಕೊಟ್ಟಿದ್ದನೆಂಬುದೂ, ಟಿಪ್ಪುವು ಅಲ್ಲಿ ದೊಡ್ಡದೊಂದು ಹಣ್ಣಿನ ತೋಟವನ್ನು ಮಾಡಿಸಿದನೆಂಬುದೂ ಚರಿತ್ರೆಯೇ ಅಷ್ಟೆ. ಕಾಳಗದ ಮರುವರ್ಷ, 1800ರಲ್ಲಿ, ಕಂಪೆನಿಯ ಅಪ್ಪಣೆಯಂತೆ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ತೋಟವನ್ನು ಕಂಡು ಬರೆದಿಟ್ಟಿದ್ದಾನೆ. ಮಾಡಿಸಿದವನ ಹೆಸರು ಹೀಗೆ ಉಳಿಯಿತು. ವಾಟೆಯನ್ನು ಹೂಳಿ, ನೀರೆರೆದು, ಬೇಲಿಕಟ್ಟಿದವರ ಹೆಸರು ಉಳಿಯಲಿಲ್ಲ.

ಉಳಿಯದೆ ಹೋದ ಆ ಜನರ ವಿದ್ಯೆಯು ಸಾಮಾನ್ಯವಾದುದಲ್ಲ. ಬೀಜಗಳ ಸ್ವಭಾವ ಒಂದೇ ತೆರನಾಗಿರುವುದಿಲ್ಲ. ಮಾವು, ಹಲಸು, ನೇರಳೆ, ಬೇವು ಇವುಗಳ ಬೀಜಕ್ಕೆ ಕಾಯುವ ತಾಳ್ಮೆಯಿಲ್ಲ. ಒಣಗಿಸಿ ಮಡಕೆಯಲ್ಲಿ ಕಟ್ಟಿಟ್ಟರೆ ಜೀವ ಹೋಗುತ್ತದೆ. ಹಣ್ಣು ತಿಂದ ಕೆಲವು ದಿನಗಳಲ್ಲಿಯೇ ಅವುಗಳನ್ನು ಮಣ್ಣಿಗೆ ಹಾಕಬೇಕು. ಹುಣಿಸೆಯ ಬೀಜ ಇದಕ್ಕೆ ವಿರುದ್ಧ. ಅದರ ಸಿಪ್ಪೆ ಕಠಿಣವಾದುದರಿಂದ ವರ್ಷಗಳವರೆಗೆ ಕೆಡದೆ ಇರುತ್ತದೆ. ಬಿತ್ತುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಒಳಕ್ಕೆ ತೇವ ಇಳಿಯುತ್ತದೆ. ಹೊಂಗೆಗೆ ಯಾವ ಉಪಚಾರವೂ ಬೇಕಿಲ್ಲ. ಎರಡು ವಾರಗಳ ಹೊತ್ತಿಗೆ ಮೊಳೆಯುತ್ತದೆ. ಆಲದ ಬೀಜವೋ ಸಾಸಿವೆಗಿಂತ ಸಣ್ಣದು. ಹಕ್ಕಿಯ ಹೊಟ್ಟೆಯನ್ನು ಹಾದು ಬಂದು ಗೋಡೆಯ ಬಿರುಕಿನಲ್ಲಿ ತಾನಾಗಿ ಹುಟ್ಟುವ ಅದು ಮನುಷ್ಯನ ಪಾತಿಯಲ್ಲಿ ಸುಲಭವಾಗಿ ಏಳದು. ಆದುದರಿಂದಲೇ ನಮ್ಮ ಹಿರಿಯರು ಆಲವನ್ನು ಬಿತ್ತುವುದಕ್ಕೆ ಬದಲಾಗಿ ಕೊಂಬೆಯನ್ನು ಕಡಿದು ನೆಡುತ್ತಿದ್ದರು.

ಮೊಳೆತುದೆಲ್ಲ ಮರವಾಗುವುದಿಲ್ಲವಷ್ಟೆ. ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರು ಅಕ್ಟೋಬರುಗಳಲ್ಲಿ ಬರುತ್ತದೆ. ಆಮೇಲೆ ಏಪ್ರಿಲಿನವರೆಗೆ ಕೆಮ್ಮಣ್ಣು ಒಣಗುತ್ತ ಹೋಗುತ್ತದೆ. ಮಣ್ಣಿನ ತೇವ ಕೆಳಕ್ಕೆ ಸರಿಯುವುದಕ್ಕಿಂತ ಬೇಗ ತಾಯಿಬೇರು ಕೆಳಕ್ಕೆ ಇಳಿದರೆ ಸಸಿ ಬದುಕುತ್ತದೆ, ಇಲ್ಲವಾದರೆ ಸಾಯುತ್ತದೆ. ಮುಂಗಾರಿನ ಮೊದಲಲ್ಲಿ ನೆಡುವುದು ಇದಕ್ಕಾಗಿಯೇ. ಬಹುಕಾಲ ಚೀಲದಲ್ಲಿಯೇ ಇದ್ದು ಬೇರು ಸುತ್ತಿಕೊಂಡ ಸಸಿಯು ಮೇಲೆ ಎಷ್ಟೇ ಹಸುರಾಗಿದ್ದರೂ ಬೇಸಿಗೆಯನ್ನು ದಾಟುವುದು ಕಷ್ಟ. ಬುಡದಲ್ಲಿ ಪಾತಿ, ಮೇಲೆ ತರಗಿನ ಹೊದಿಕೆ, ಸುತ್ತ ಮುಳ್ಳು, ಎರಡು ಬೇಸಿಗೆ ನೀರು, ಇಷ್ಟೂ ಸೇರಿದರೆ ಮಾತ್ರ ಅದು ಬೇರೂರಿತೆಂದು ಹೇಳಬಹುದು.

ನೀರಿನ ಕೊರತೆಯನ್ನು ಒಂದು ಭಾಗಕ್ಕೆ ನೀಗಿಸಿದುದು ಕನ್ನಂಬಾಡಿಯ ಕಟ್ಟೆ. 1911ರಲ್ಲಿ ಪ್ರಾರಂಭವಾದ ಆ ಕೆಲಸದ ಫಲವಾಗಿ ಇರ್ವಿನ್ ನಾಲೆ, ಎಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ ಮದ್ದೂರುಗಳ ಬಯಲಿಗೆ ಹರಿಯಿತು. ಬತ್ತ ಕಬ್ಬುಗಳೊಂದಿಗೆ ತೆಂಗೂ ಬದುಗಳ ಮೇಲೆ ಹರಡಿತು. ಮದ್ದೂರಿನ ಎಳನೀರಿನ ಮಾರುಕಟ್ಟೆ ದೂರದೂರಕ್ಕೂ ಹೆಸರಾಯಿತು. ತೆಂಗಿನ ಕಾಯಿ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆದರೂ ರೈತನು ಬೇಸರಪಡಲಿಲ್ಲ. ಏಕೆಂದರೆ ನೀರು ಅವನ ಹೊಲದ ಅಂಚಿನಲ್ಲಿತ್ತು, ಫಲವು ಅವನದಾಗಿತ್ತು.

ಫಲವು ಅವನದಲ್ಲದಿದ್ದರೆ ಏನಾಗುವುದೆಂಬುದನ್ನು ಶ್ರೀಗಂಧದ ಕಥೆಯು ತಿಳಿಸುತ್ತದೆ. ಗಂಧದ ಸಸಿ ಒಂಟಿಯಾಗಿ ಏಳಿಗೆಯಾಗಲಾರದು; ಅದರ ಬೇರು ನೆರೆಯ ಗಿಡದ ಬೇರನ್ನು ಹಿಡಿದು ಆಹಾರದ ಒಂದು ಭಾಗವನ್ನು ಪಡೆಯುತ್ತದೆ. ಆದುದರಿಂದ ಸಸಿಮಡಿಯಲ್ಲಿ ಅದರ ಜೊತೆಗೆ ತೊಗರಿಯನ್ನೂ, ಹೊಲದಲ್ಲಿ ಸರ್ವೆ ಮೊದಲಾದುವನ್ನೂ ಬೆಳೆಸುತ್ತಾರೆ. ಇಷ್ಟು ಆರೈಕೆ ಬೇಕಾದ ಮರವನ್ನು 1792ರಲ್ಲಿ ಟಿಪ್ಪುವು ರಾಜವೃಕ್ಷವೆಂದು ಸಾರಿದನು. ಮುಂದೆ ಬಂದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ತನ್ನ ನೆಲದಲ್ಲಿ ಹುಟ್ಟಿದರೂ ತನ್ನದಲ್ಲದ, ಕಳುವಾದರೆ ತನ್ನನ್ನೇ ವಿಚಾರಣೆಗೆ ಎಳೆಯುವ ಗಿಡಕ್ಕೆ ರೈತನು ನೀರೆರೆಯುವುದುಂಟೆ? ನೆಲದೊಡೆಯನೇ ಮರದೊಡೆಯನೆಂದು ಕರ್ನಾಟಕದ ಕಾನೂನು ಒಪ್ಪಿಕೊಂಡುದು 2001ರ ತಿದ್ದುಪಡಿಯಿಂದ. ಎರಡು ಶತಮಾನಗಳ ಮೇಲೆ.

ಇನ್ನು ಫಲವೂ ತನ್ನದಲ್ಲದ, ನಾಲೆಯೂ ಇಲ್ಲದ ಕಡೆ ಮರ ಬೆಳೆಸುವವರು ಯಾರು? 1950ರಲ್ಲಿ ಕೆ. ಎಂ. ಮುನ್ಷಿಯವರು ಪ್ರಾರಂಭಿಸಿದ ವನಮಹೋತ್ಸವವು ಇಂದಿಗೂ ವರ್ಷವರ್ಷವೂ ನಡೆಯುತ್ತಿದೆ. ಉತ್ಸವದ ದಿನ ನೆಡುವವರು ಬಹುಮಂದಿ. ಮುಂದಿನ ಮಾರ್ಚಿಯಲ್ಲಿ ಕೊಡ ಹಿಡಿದು ಬರುವವರು ವಿರಳ. ಆ ವಿರಳರಲ್ಲಿ ಒಬ್ಬರು ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು. ಕುರಿ ಕಾಯುವ ವೃತ್ತಿಯವರಾದ ಅವರು, ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳಿಗೆ ಕುಡಿಯಲು ನೀರಿಲ್ಲದುದನ್ನು ಕಂಡು, ಹತ್ತಕ್ಕೂ ಮೇಲ್ಪಟ್ಟು ಕಟ್ಟೆಗಳನ್ನು ತೋಡಿದರು. ಆಲ ಮೊದಲಾದ ಗಿಡಗಳನ್ನು ನೆಟ್ಟರು. 2020ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಭಾಷಣದಲ್ಲಿ ಅವರ ಕೆಲಸವನ್ನು ಹೊಗಳಿದರು. 2022ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಸಸಿಗೆ ಮೊದಲ ಶತ್ರು ಕುರಿಮೇಕೆಗಳ ಬಾಯಿ ಎಂಬುದು ಎಲ್ಲರಿಗೂ ತಿಳಿದುದೇ. ಕುರಿ ಕಾಯುವ ಕೈಯೇ ಗಿಡವನ್ನೂ ಕಾಯಿತೆಂಬುದನ್ನು ನಾವು ವಿಶೇಷವಾಗಿ ಗಮನಿಸಬೇಕು. ನೀರು ಮೊದಲು, ಮರ ಆಮೇಲೆ ಎಂಬ ಕ್ರಮವೂ ಅವರ ಕೆಲಸದಲ್ಲಿ ಇತ್ತು.

ಆದುದರಿಂದ ಮಹಾಶಯರೆ, ಹೆದ್ದಾರಿಯ ಬದಿಯಲ್ಲಾಗಲಿ ನಮ್ಮ ಬಡಾವಣೆಯ ಬೀದಿಯಲ್ಲಾಗಲಿ ಸಸಿಗಳನ್ನು ಎಣಿಸಬೇಕಾದುದು ನೆಟ್ಟ ದಿನವಲ್ಲ. ಮೂರನೆಯ ಬೇಸಿಗೆ ಕಳೆದ ಮೇಲೆ. ಬೀಜಕ್ಕೆ ತಕ್ಕ ಕಾಲ, ಬೇರಿಗೆ ತಕ್ಕ ನೀರು, ಗಿಡಕ್ಕೊಬ್ಬ ಒಡೆಯ, ಈ ಮೂರಿದ್ದಲ್ಲಿ ಈ ಸೀಮೆಯು ಮರಗಳನ್ನು ಬೆಳೆಸಿದೆ, ಇಲ್ಲದಲ್ಲಿ ಬೆಳೆಸಿಲ್ಲ. ಮುಂದಿನ ಮುಂಗಾರಿನಲ್ಲಿ ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೊಂಗೆಯ ಬೀಜವನ್ನು ಬಿತ್ತಿ, ಎರಡು ಬೇಸಿಗೆ ಅದಕ್ಕೆ ಒಡೆಯರಾಗಿ ನಿಂತರೆ, ಹಳೆಯ ಸಾಲುಮರಗಳ ನೆರಳನ್ನು ಉಂಡ ಋಣದಲ್ಲಿ ಕಿಂಚಿತ್ತಾದರೂ ತೀರಿದಂತಾಗುವುದು.